ಯಂತ್ರವಿಚಾರ: ಅಲುಗಾಡುವ ಇಂಜಿನೂ ಅಕ್ಕನ ಸೊಂಟವೂ

ಹುಕ್ಕೇರಿಯಲ್ಲಿ ನಮ್ಮ ಅಕ್ಕನ ಮನೆಯಿದೆ. ಅವಳ ಒಬ್ಬನೇ ಮಗನು ಪುಣೆಯಲ್ಲಿ ನೌಕರಿಗಿದ್ದು, ತಿಂಗಳಿಗೆರಡು ಸಲ ತಾಯಿಯನ್ನು ಕಾಣಲು ಬರುವವನು. ಇಷ್ಟು ದಿನ ಬಸ್ಸಿನಿಂದ ಸಂಕೇಶ್ವರಕ್ಕೆ ಇಳಿದು ಅಲ್ಲಿಂದ ಊರಿಗೆ ಬರುತ್ತಿದ್ದ ಹುಡುಗನು ಕಳೆದ ದೀಪಾವಳಿಗೆ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದನು. ಹೊಸದಲ್ಲ, ಬೇರೊಬ್ಬರು ಹತ್ತು ವರ್ಷ ಓಡಿಸಿ ಮಾರಿದುದು. ಎರಡೇ ಬಾಗಿಲು, ಹಿಂದಿನ ಆಸನದಲ್ಲಿ ಕೂಡಬೇಕಾದರೆ ಒಂದೋ ಕೂಸಾಗಿರಬೇಕು, ಇಲ್ಲವೇ ಯೋಗಾಭ್ಯಾಸ ಮಾಡಿದವರಾಗಿರಬೇಕು. ಅದರ ತಯಾರಕರ ಹೆಸರನ್ನು ಇಲ್ಲಿ ಎತ್ತುವದಿಲ್ಲ. ವಯಸ್ಸಾದ ರಬ್ಬರಿನ ತಪ್ಪನ್ನು ತಯಾರಕರ ತಲೆಗೆ ಕಟ್ಟುವದು ನ್ಯಾಯವಲ್ಲ.

ಸ್ಪೋರ್ಟ್ಸ್ ಕಾರಿನ ಮಾತು ಗೃಹಸ್ಥರ ಮಾಸಿಕದಲ್ಲಿ ಯಾತಕ್ಕೆ ಎಂದು ಕೇಳುವ ವಾಚಕರು ಇರಬಹುದು. ಅವರಿಗೆ ಮೊದಲೇ ಹೇಳುವೆನು: ಕಾರು ಯಾವದೇ ಇರಲಿ, ಅದರ ಇಂಜಿನು ರಬ್ಬರಿನ ಕಾಲುಗಳ ಮೇಲೆಯೇ ನಿಂತಿರುವದು, ಆ ಕಾಲುಗಳು ಮುಪ್ಪಾಗುವದು ಎಲ್ಲರ ಮನೆಯಲ್ಲಿಯೂ ಒಂದೇ ರೀತಿ. ಅಷ್ಟೇ ಏಕೆ, ಮುಂದುಗಡೆ ಬಾಗಿಲಿರುವ ಬಟ್ಟೆ ಒಗೆಯುವ ಯಂತ್ರವು ನಿಮ್ಮ ಮನೆಯಲ್ಲಿದ್ದರೆ, ಈ ಲೇಖನದ ಅರ್ಧ ಪಾಠವು ಅದರ ಹೊಟ್ಟೆಯೊಳಗೇ ಇದೆ.

ಹೊಸ ಗಾಡಿಯಲ್ಲಿ ಒಮ್ಮೆ ಗೋಕಾಕಕ್ಕೆ ಬಂದಿಳಿದ ಅಕ್ಕನು ನಮ್ಮ ಕಟ್ಟೆಯ ಮೇಲೆ ಕುಳಿತು, ಕೈಯನ್ನು ಸೊಂಟಕ್ಕೆ ಕೊಟ್ಟು, "ತಮ್ಮಾ, ಇದು ಗಾಡಿ ಅಲ್ಲೋ, ಬೀಸೂಕಲ್ಲು. ನನ್ನ ಸೊಂಟದಾಗ ಕುಂತು ಜ್ವಾಳ ಬೀಸಾಕ ಹತ್ತೇತಿ," ಎಂದಳು. ಮಗನು ನಕ್ಕನು, ನಾನೂ ನಕ್ಕೆನು. ಆದರೆ ಹುಡುಗನ ಮೋರೆಯಲ್ಲಿ ನಗೆಯ ಹಿಂದೆ ಚಿಂತೆಯಿದ್ದುದು ಕಂಡಿತು. ತಾಯಿಗೆ ಮಂಡಿನೋವು ಬಂದಂದಿನಿಂದ ಅವಳನ್ನು ಬೆಳಗಾವಿಯ ವೈದ್ಯರ ಕಡೆಗೆ ಕರೆದೊಯ್ಯುವದು ಅವನ ಪಾಲಿಗೆ ಬಂದ ಕೆಲಸ. ಆ ಪ್ರಯಾಣವೇ ಅವಳಿಗೆ ಶಿಕ್ಷೆಯಾದರೆ ಕಾರು ಇದ್ದು ಏನು ಫಲ?

ಗಾಡಿಯ ಲಕ್ಷಣಗಳನ್ನು ಅವನೇ ವಿವರಿಸಿದನು. ಕ್ಲಚ್ಚು ಬಿಟ್ಟೊಡನೆ ಮುಂದುಗಡೆ ಧಡ್ ಎಂಬ ಸದ್ದು. ವೇಗ ಏರಿಸಿದಾಗ ಗೇರಿನ ಹಿಡಿಕೆಯು ತಾನಾಗಿ ಹಿಂದಕ್ಕೂ, ಬಿಟ್ಟಾಗ ಮುಂದಕ್ಕೂ ಸರಿಯುವದು. ನಿಂತಲ್ಲಿ ನಿಂತಾಗ ಇಡೀ ಮೈಯೇ ಚಳಿಜ್ವರ ಬಂದಂತೆ ನಡುಗುವದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರುಗಳು ನಮ್ಮ ಕಡೆಯ ರಸ್ತೆಗಳಲ್ಲಿ ಕೊರೆದಿಟ್ಟ ಗಾಲಿದಾರಿಯಲ್ಲಂತೂ ಕೇಳುವದೇ ಬೇಡ. ಇದಕ್ಕೆಲ್ಲ ಮದ್ದೆಂದು ಅವನು ಎರಡು ತಿಂಗಳ ಉಳಿತಾಯವನ್ನು ಸುರಿದು ಒಂದು ಪೆಟ್ಟಿಗೆಯನ್ನು ತರಿಸಿದ್ದನು. ಅದನ್ನು ನನ್ನ ಮುಂದಿಟ್ಟು, "ಮಾಮಾ, ಇದು ಇಂಜಿನ್ ಡ್ಯಾಂಪರ್. ಸ್ಪೋರ್ಟ್ಸ್ ಗಾಡಿಗೆ ಎಲ್ಲಾರೂ ಹಾಕಸ್ತಾರ. ನಾಳೆ ನಿಮ್ಮ ಮಿಸ್ತ್ರಿ ಕಡೆ ಹಾಕಿಸಿಬಿಡೂಣು," ಎಂದನು.

ಪೆಟ್ಟಿಗೆಯನ್ನು ಬಿಚ್ಚಿ ನೋಡಿದೆನು. ಗೇಣುದ್ದದ ಚೆಲುವಾದ ಸಾಮಾನು: ಹೊಳೆಯುವ ಕೊಳವೆಯೊಳಗಿಂದ ಹೊರಬರುವ ಉಕ್ಕಿನ ದಂಡ; ಎರಡೂ ತುದಿಗೆ ಗುಂಡಿನ ಕೀಲು; ಬಿಗುವನ್ನು ಹೆಚ್ಚುಕಡಿಮೆ ಮಾಡಲು ಒಂದು ತಿರುಪು; ಜೊತೆಗೆ ಎರಡು ಬ್ರಾಕೆಟ್ಟು, ಬೋಲ್ಟು, ವಾಷರುಗಳು. ಮೋಟರ್ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರಿನಿಂದ ಸ್ಪ್ರಿಂಗನ್ನು ಕಳೆದರೆ ಉಳಿಯುವದು ಇಂಥದೇ. ಡ್ಯಾಂಪರ್ ಎಂಬುದಕ್ಕೆ ಕನ್ನಡದಲ್ಲಿ ಕಂಪಶಾಮಕ ಎನ್ನಬಹುದು. ಹೆಸರು ಸ್ವಲ್ಪ ಔಷಧಿಯ ಬಾಟಲಿಯಂತೆ ಕೇಳುವದು. ಆದರೂ ಕೆಲಸವನ್ನು ಸರಿಯಾಗಿಯೇ ಹೇಳುತ್ತದೆ.

ಇನ್ನು ಇಂಜಿನು ಏಕೆ ಅಲುಗುವದು ಎಂಬದನ್ನು ನೋಡುವಾ. ಇಂಜಿನು ಗಾಲಿಗಳನ್ನು ಒಂದು ಕಡೆಗೆ ತಿರುಗಿಸಿದರೆ, ಗಾಲಿಗಳು ಇಂಜಿನನ್ನು ಅಷ್ಟೇ ಬಲದಿಂದ ಎದುರು ಕಡೆಗೆ ಹೊರಳಿಸಲು ನೋಡುವವು. ಬಾವಿಯಲ್ಲಿ ತುಂಬಿದ ಕೊಡವನ್ನು ಸೇದುವಾಗ ರಾಟೆಯ ಕಂಬವೇ ಬಾಗುವದಿಲ್ಲವೇ, ಹಾಗೆ. ಮುಂದಿನ ಗಾಲಿಗಳೇ ಎಳೆಯುವಂಥ, ಇಂಜಿನನ್ನು ಅಡ್ಡಲಾಗಿ ಕೂಡಿಸಿದ ಕಾರುಗಳಲ್ಲಿ ಇದು ಬಹಳ. ಇಂಜಿನಿನ ತಿರುಚುಬಲವು 100 ನ್ಯೂಟನ್-ಮೀಟರ್ ಎಂದು ಹಿಡಿಯಿರಿ. ಮೊದಲನೆಯ ಗೇರಿನಲ್ಲಿ ಅದು ಮೂರೂವರೆ ಪಟ್ಟು, ಮುಂದೆ ಕೊನೆಯ ಹಲ್ಲುಗಾಲಿಯಲ್ಲಿ ನಾಲ್ಕು ಪಟ್ಟು ಹೆಚ್ಚಿ, ಗಾಲಿಗೆ ತಲುಪುವಾಗ 1400 ಆಗುವದು. ಅಷ್ಟೂ ಬಲವು ಇಂಜಿನನ್ನು ಹೊರಳಿಸಲು ಹಿಂದಿರುಗಿ ಬರುವದು. ಅದನ್ನು ಅರ್ಧ ಮೀಟರ್ ದೂರದಲ್ಲಿರುವ ಒಂದು ಹಿಡಿಕೆಯು ತಡೆಯಬೇಕಾದರೆ, ಆ ಹಿಡಿಕೆಯ ಮೇಲೆ ಸುಮಾರು 285 ಕಿಲೋ ಭಾರ ಬಿದ್ದ ಹಾಗೆ. ನಮ್ಮ ಸಕ್ಕರೆ ಕಾರ್ಖಾನೆಗಳ 50 ಕಿಲೋ ಚೀಲಗಳನ್ನು ಲೆಕ್ಕ ಹಾಕಿದರೆ, ಹತ್ತಿರ ಹತ್ತಿರ ಆರು ಚೀಲ. ಅದನ್ನು ಹೊರುವದು ಮುಷ್ಟಿಯಷ್ಟು ರಬ್ಬರು!

ಮೊದಮೊದಲಿನ ಅನೇಕ ಕಾರುಗಳಲ್ಲಿ ಈ ರಬ್ಬರೂ ಇರಲಿಲ್ಲ. ಇಂಜಿನನ್ನು ಚೌಕಟ್ಟಿಗೆ ನೇರವಾಗಿ ಬಿಗಿಯುತ್ತಿದ್ದರು. ಕುಳಿತವರ ಹಲ್ಲು ಕಟಕಟಿಸುತ್ತಿದ್ದವು. 1931ರಲ್ಲಿ ಅಮೇರಿಕೆಯ ಕ್ರೈಸ್ಲರ್ ಸಂಸ್ಥೆಯವರು ತಮ್ಮ ಪ್ಲಿಮತ್ ಗಾಡಿಯಲ್ಲಿ ಇಂಜಿನನ್ನು ರಬ್ಬರಿನ ಮೇಲೆ ತೇಲಿಸುವ ಯುಕ್ತಿಯನ್ನು ತಂದು, ಅದಕ್ಕೆ 'ಫ್ಲೋಟಿಂಗ್ ಪವರ್' ಎಂದು ಹೆಸರಿಟ್ಟರು. ಮರುವರ್ಷವೇ ಫ್ರಾನ್ಸಿನ ಸಿಟ್ರೋಯೆನ್ ಸಂಸ್ಥೆಯು ಆ ಹಕ್ಕನ್ನು ಪಡೆದು, ತೇಲುವ ಹಂಸದ ಚಿತ್ರವನ್ನು ಗಾಡಿಯ ಗುರುತಾಗಿ ಹಾಕಿಕೊಂಡಿತು. ಹಂಸವೇನೋ ಸರಿ, ಆದರೆ ತೇಲುವ ವಸ್ತುವು ಹೊಯ್ದಾಡುವದೂ ಉಂಟು. 1959ರಲ್ಲಿ ಇಂಗ್ಲಂಡಿನಲ್ಲಿ ಅಲೆಕ್ ಇಸ್ಸಿಗೋನಿಸ್ ಎಂಬವರು ರೂಪಿಸಿದ ಮಿನಿ ಕಾರಿನಲ್ಲಿ ಇಂಜಿನು ಅಡ್ಡಲಾಗಿತ್ತು. ಅದು ಹೊರಳದಂತೆ ಹಿಡಿಯಲು ಎರಡು ತುದಿಗೂ ರಬ್ಬರಿನ ಬುಶ್ಶುಳ್ಳ ಒಂದು ದಂಡವನ್ನು ಕೊಟ್ಟಿದ್ದರು. ಆ ಬುಶ್ಶು ಸವೆದ ಮಿನಿಯು ಕ್ಲಚ್ಚು ಬಿಟ್ಟಾಗ ಧಡ್ ಎನ್ನುವದು, ಹೊಗೆಕೊಳವೆ ಸಡಿಲಾಗಿ ಮುರಿಯುವದು. ಆ ಗಾಡಿಯ ಅಭಿಮಾನಿಗಳಿಗೆಲ್ಲ ಇದು ಚಿರಪರಿಚಿತ ರೋಗ. ನಮ್ಮ ಹುಡುಗನ ಗಾಡಿಯೂ ಅದನ್ನೇ ಹಾಡುತ್ತಿತ್ತೆಂಬದು ನನಗೆ ಆಗಲೇ ಹೊಳೆಯಬೇಕಾಗಿತ್ತು.

ಕಂಪಶಾಮಕವೂ ಹೊಸದೇನಲ್ಲ. 1970ರ ದಶಕದ ಮರ್ಸಿಡಿಸ್ ಡೀಜಲ್ ಕಾರುಗಳಲ್ಲಿ ಇಂಜಿನಿನ ಮಗ್ಗುಲಿಗೆ ಇಂಥ ಪುಟ್ಟ ಶಾಕ್ ಅಬ್ಸಾರ್ಬರನ್ನು ಕಾರ್ಖಾನೆಯಲ್ಲಿಯೇ ಕೂಡಿಸುತ್ತಿದ್ದರು. ಆ ಡೀಜಲ್ ಇಂಜಿನುಗಳಲ್ಲೊಂದರ ವಂಶವೇ ಮುಂದೆ ಬಜಾಜ್ ಟೆಂಪೋದವರ ಟ್ರ್ಯಾಕ್ಸಿನೊಳಗೆ ಸೇರಿ ನಮ್ಮ ಹಳ್ಳಿಗಳಿಗೂ ಬಂದಿತು. ಸಂತೆಗೆ ಹೋಗುವ ಜನರನ್ನು ಮಾವಿನಕಾಯಿಯಂತೆ ತುಂಬಿಕೊಂಡು ಹೋಗುವ ಆ ಗಾಡಿಯ ಕುಲವು ಇಷ್ಟು ದೊಡ್ಡದೆಂದು ಯಾರು ತಿಳಿದಾರು!

ಈಗ ಮುಖ್ಯವಾದ ಭೇದಕ್ಕೆ ಬರುವೆನು. ರಬ್ಬರಿನ ಕಾಲು ಮಾಡುವ ಕೆಲಸವೇ ಬೇರೆ, ಕಂಪಶಾಮಕವು ಮಾಡುವ ಕೆಲಸವೇ ಬೇರೆ. ನಮ್ಮ ಗೋಕಾಕದ ಮನೆಗಳಲ್ಲಿ ಕರದಂಟು ಮಾಡುವದನ್ನು ನೋಡಿದವರಿಗೆ ಇದು ಬೇಗ ತಿಳಿಯುವದು. ಬೆಲ್ಲದ ಪಾಕವು ಏರಿದಾಗ ಸೌಟನ್ನು ಮೆಲ್ಲಗೆ ಆಡಿಸಿದರೆ ಅದು ಸುಮ್ಮನೆ ಸರಿಯುವದು. ಜೋರಾಗಿ ಆಡಿಸಹೋದರೆ ಪಾಕವು ಸೌಟನ್ನು ಹಿಡಿದು ನಿಲ್ಲಿಸುವದು. ಸೌಟನ್ನು ನಡುವೆ ನಿಲ್ಲಿಸಿ ಕೈಬಿಡಿರಿ. ಅದು ನೆಟ್ಟಗೆ ನಿಲ್ಲುವದೋ? ಇಲ್ಲ, ಮೆಲ್ಲಮೆಲ್ಲನೆ ಬಾಗಿ ಅಂಚಿಗೆ ಒರಗುವದು. ಕಂಪಶಾಮಕದ ಕೊಳವೆಯಲ್ಲಿಯೂ ದಪ್ಪ ಎಣ್ಣೆಯು ಸಣ್ಣ ರಂಧ್ರಗಳೊಳಗಿಂದ ಹಾಯಬೇಕು. ಫಕ್ಕನೆ ತಳ್ಳಿದರೆ ಅದು ತಡೆಯುವದು. ಮೆಲ್ಲಗೆ ಒತ್ತಿ ಹಿಡಿದರೆ ಜಾಗ ಬಿಟ್ಟುಕೊಡುವದು. ಅದಕ್ಕೆ ವೇಗವನ್ನು ಕೊಲ್ಲುವದು ಗೊತ್ತು, ಭಾರ ಹೊರುವದು ಗೊತ್ತಿಲ್ಲ. ಭಾರ ಹೊತ್ತು ನಿಂತು, ಸರಿದುದನ್ನು ತಿರುಗಿ ಸ್ವಸ್ಥಾನಕ್ಕೆ ತರುವದು ರಬ್ಬರಿನ ಧರ್ಮ. ಬಟ್ಟೆಯ ಯಂತ್ರದಲ್ಲಿಯೂ ಹೀಗೆಯೇ: ದೊಡ್ಡ ಡಬ್ಬಿಯನ್ನು ಮೇಲಿನಿಂದ ಹೊತ್ತಿರುವದು ಸ್ಪ್ರಿಂಗುಗಳು, ಅದು ಕುಣಿಯದಂತೆ ಕೆಳಗಿನಿಂದ ಹಿಡಿಯುವದು ಕಂಪಶಾಮಕಗಳು. ಕೆಳಗಿನವು ಸತ್ತ ಯಂತ್ರವು ಬಟ್ಟೆ ಹಿಂಡುವಾಗ ನಡುಮನೆಯತ್ತ ನಡೆದು ಬರುವದನ್ನು ಕೆಲವರಾದರೂ ಕಂಡಿದ್ದೀರಿ.

ಹುಡುಗನಿಗೆ ಇದನ್ನೆಲ್ಲ ಹೇಳಿ, "ತಮ್ಮಾ, ಮೊದಲು ರಬ್ಬರ ನೋಡೂಣು, ಆಮೇಲೆ ಇದು," ಎಂದೆನು. ಅವನಿಗೆ ರುಚಿಸಲಿಲ್ಲ. "ಸದ್ದು ನಿಂತರ ಸಾಕಲ್ಲ ಮಾಮಾ," ಎಂದು ಪೆಟ್ಟಿಗೆಯನ್ನು ಮುಚ್ಚಿದನು. ಸದ್ದು ನಿಲ್ಲಿಸುವದು ಅವನ ಬಯಕೆ; ಅದು ಎಲ್ಲಿಂದ ಬರುವದೆಂದು ತಿಳಿಯುವದು ನನ್ನ ಬಯಕೆ. ರಾತ್ರಿ ಊಟದಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮರುದಿನ ರವಿವಾರ. ಮೂಡಲಗಿಯಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಮಿಸ್ತ್ರಿಯೊಬ್ಬರಿದ್ದಾರೆ. ಹೊಲದ ಬಾವಿಗಳಿಗೆ ಆಯಿಲ್ ಇಂಜಿನು ಕೂಡಿಸುವದರಿಂದ ಆರಂಭಿಸಿ ಈಗ ಟ್ರ್ಯಾಕ್ಟರು ರಿಪೇರಿ ಮಾಡುವವರು. ಸ್ಪೋರ್ಟ್ಸ್ ಕಾರು ಅವರ ಅಂಗಳಕ್ಕೆ ಬಂದುದು ಅದೇ ಮೊದಲು. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟು ಎತ್ತಿಸಿ, ಪೆಟ್ಟಿಗೆಯತ್ತ ಕಣ್ಣನ್ನೂ ಹೊರಳಿಸದೆ, "ತಮ್ಮಾ, ನೀ ಒಳಗ ಕುಂಡ್ರು. ಬ್ರೇಕ್ ಒತ್ತಿ ಹಿಡಿ, ಕೈಬ್ರೇಕೂ ಎಳಿ. ಒಂದನೇ ಗೇರ ಹಾಕಿ ಕ್ಲಚ್ಚ ಚೂರ ಬಿಡು. ಗಾಡಿ ಸರಿಬಾರದು, ಇಂಜಿನ ಅಷ್ಟ ಎಳೀಬೇಕು," ಎಂದರು. ನನ್ನನ್ನು ಮುಂದೆ ನಿಲ್ಲಗೊಡದೆ ಮಗ್ಗುಲಿಗೆ ಸರಿಸಿದರು. ಈ ಪರೀಕ್ಷೆಯನ್ನು ನೋಡುವವರು ಗಾಡಿಯ ಮುಂದಾಗಲಿ ಹಿಂದಾಗಲಿ ನಿಲ್ಲಲೇಬಾರದು. ಕ್ಲಚ್ಚಿನ ಮೇಲಿನ ಕಾಲು ಜಾರಿದರೆ ಗಾಡಿಯು ಯಾರ ಮುಲಾಜನ್ನೂ ನೋಡುವದಿಲ್ಲ. ಮಕ್ಕಳನ್ನಂತೂ ಅಂಗಳದಿಂದಲೇ ಆಚೆಗೆ ಕಳುಹಿಸಬೇಕು.

ಕ್ಲಚ್ಚು ಕಚ್ಚಿದೊಡನೆ ಇಂಜಿನು ನಿದ್ದೆಯಿಂದೆದ್ದ ಎಮ್ಮೆಯಂತೆ ಒಂದು ಮಗ್ಗುಲಿಗೆ ಎದ್ದು ಒರಗಿತು. ಹಿಂದಿನ ಗೇರಿನಲ್ಲಿ ಇನ್ನೊಂದು ಮಗ್ಗುಲಿಗೆ ಧಡ್ಡನೆ ಬಿದ್ದಿತು. ಗಟ್ಟಿಯಾದ ಮೌಂಟಿಂಗುಗಳಿದ್ದರೆ ಅದು ಸ್ವಲ್ಪ ಮಿಸುಕಿ ನಿಲ್ಲಬೇಕಾಗಿತ್ತು. ಮಿಸ್ತ್ರಿಯವರು ಗಾಡಿಯನ್ನು ಆರಿಸಿ, ಎತ್ತಿ, ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಕೆಳಗೆ ಹೋಗಿ ಬ್ಯಾಟರಿ ಹಿಡಿದು ನೋಡಿದರು. ಈ ಗಾಡಿಯ ಇಂಜಿನನ್ನು ಎರಡು ಮೌಂಟಿಂಗುಗಳು ಮೇಲಿನಿಂದ ಹೊತ್ತಿದ್ದವು. ಹೊರಳಾಟವನ್ನು ತಡೆಯಲು ಕೆಳಗೆ ನಾಯಿಯ ಎಲುಬಿನ ಆಕಾರದ ಒಂದು ತುಂಡಿತ್ತು. ಆ ತುಂಡಿನೊಳಗಿನ ರಬ್ಬರು ಹಣ್ಣಾದ ಚಪ್ಪಲಿಯ ಅಟ್ಟೆಯಂತೆ ಹರಿದು, ಉಕ್ಕು ಉಕ್ಕಿಗೆ ತಾಗುತ್ತಿತ್ತು. ಆ ಧಡ್ ಸದ್ದು ಬರುತ್ತಿದ್ದುದು ಅಲ್ಲಿಂದ.

ಅಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಕಾರಣವಿರಲಿಲ್ಲ. ಮಿಸ್ತ್ರಿಯವರು ಮೇಲೆ ಬಂದು ಇಂಜಿನಿನ ಹಿಂಬದಿಗೆ ಕೈಹಾಕಿ, ಪೆಟ್ರೋಲು ಬರುವ ನಳಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದರು. ಅದರ ಕೆಳಮೈ ಸವೆದು, ಒಳಗಿನ ನೂಲಿನ ನೇಯ್ಗೆಯು ಬಿಳಿಯಾಗಿ ಕಾಣುತ್ತಿತ್ತು. ಇಂಜಿನು ಒರಗಿದಾಗಲೆಲ್ಲ ಆ ನಳಿಕೆಯು ತಗಡಿನ ಅಂಚಿಗೆ ಉಜ್ಜುತ್ತಿದ್ದಿತು. ಒಳಗೆ ಒತ್ತಡದಲ್ಲಿರುವ ಪೆಟ್ರೋಲು. ಒಂದು ಗೇಣು ಕೆಳಗೆ ಸುಡುವ ಹೊಗೆಕೊಳವೆ. ಯಾರೂ ಮಾತಾಡಲಿಲ್ಲ. ಹುಡುಗನು ಆ ಬಿಳಿಯ ನೂಲನ್ನು ಉಗುರಿನಿಂದ ಮುಟ್ಟಿ, ಬೆಳಗಾವಿಯ ದಾರಿಯಲ್ಲಿ ಎಷ್ಟು ಸಲ ಅವ್ವನನ್ನು ಕೂಡಿಸಿಕೊಂಡು ಹೋದೆನೆಂದು ಎಣಿಸುತ್ತಿದ್ದನೆಂದು ತೋರುತ್ತದೆ. "ಆರು ಸಲ," ಎಂದು ತನಗೆ ತಾನೇ ಅಂದುಕೊಂಡನು.

ಕಂಪಶಾಮಕವನ್ನೇ ಮೊದಲು ಕೂಡಿಸಿದ್ದರೆ ಏನಾಗುತ್ತಿತ್ತು? ಸದ್ದು ಬಹಳಮಟ್ಟಿಗೆ ಅಡಗುತ್ತಿತ್ತು. ಕ್ಲಚ್ಚು ಬಿಟ್ಟಾಗಿನ ಹೊಡೆತವು ಫಕ್ಕನೆ ಬರುವಂಥದಾದುದರಿಂದ ಎಣ್ಣೆಯು ಅದನ್ನು ಹಿಡಿಯುತ್ತಿತ್ತು. ಆದರೆ ಏರುದಾರಿಯಲ್ಲಿ ಕೆಳಗಿನ ಗೇರಿನಲ್ಲಿ ಒಂದೇಸಮನೆ ಎಳೆಯುವಾಗ, ಪಾಕದಲ್ಲಿಯ ಸೌಟಿನಂತೆ, ಇಂಜಿನು ಸದ್ದಿಲ್ಲದೆ ಪೂರ್ತಿ ಒರಗಿ, ನಳಿಕೆಯು ಅಂಚಿಗೆ ತಾಗುತ್ತಲೇ ಇರುತ್ತಿತ್ತು. ಹುಡುಗನಂತೂ ಕಾರು ನೆಟ್ಟಗಾಯಿತೆಂದು ತಿಳಿದು ಬಾನೆಟ್ಟನ್ನು ಇನ್ನೊಂದು ವರ್ಷ ಎತ್ತುತ್ತಿರಲಿಲ್ಲ.

ಕಾರನ್ನು ಮೂಡಲಗಿಯಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಹಿಂದಿರುಗಿದೆವು. ಹೊಸ ನಳಿಕೆಯೂ ಹೊಸ ಮೌಂಟಿಂಗೂ ಬರಲು ಹತ್ತು ದಿನ ಹಿಡಿಯಿತು. ಮೌಂಟಿಂಗಿನ ಬೆಲೆಯು ಆ ಚೆಲುವಾದ ಪೆಟ್ಟಿಗೆಯ ಬೆಲೆಯ ಕಾಲುಭಾಗಕ್ಕಿಂತ ಕಡಿಮೆ. ಅಂಚಿನ ಮೇಲೆ ರಬ್ಬರಿನ ಪಟ್ಟಿಯನ್ನು ಹೊದಿಸಿ, ನಳಿಕೆಯನ್ನು ಅದರ ಹಳೆಯ ಹಿಡಿಕೆಯಲ್ಲಿ ಸರಿಯಾಗಿ ಕೂಡಿಸಿದರು. ಹಿಂದಿನ ರಿಪೇರಿಯಲ್ಲಿ ಯಾರೋ ಆ ಹಿಡಿಕೆಯನ್ನು ಹಾಕಲು ಮರೆತಿದ್ದರು. ಮತ್ತೆ ಅದೇ ಪರೀಕ್ಷೆ: ಇಂಜಿನು ಸಭ್ಯ ಗೃಹಸ್ಥನಂತೆ ತುಸು ಮಿಸುಕಿ ಸುಮ್ಮನಾಯಿತು.

"ಇನ್ನ ಇದರ ಗರಜ ಇಲ್ಲ," ಎಂದು ಮಿಸ್ತ್ರಿಯವರು ಪೆಟ್ಟಿಗೆಯತ್ತ ಕೈಮಾಡಿದರು. ನನ್ನ ಅಭಿಪ್ರಾಯವೂ ಅದೇ. ಆದರೆ ಇಪ್ಪತ್ತಾರು ವರ್ಷದ ಹುಡುಗನು ಹಣ ಕೊಟ್ಟು ತಂದ ಸಾಮಾನನ್ನು ಕೂಡಿಸಿ ನೋಡದೆ ಬಿಡುವದುಂಟೇ? ಅದರಲ್ಲಿ ತಪ್ಪೂ ಇಲ್ಲ. ಗಟ್ಟಿಯಾದ ಮೌಂಟಿಂಗುಗಳ ಮೇಲೆ ಕೂಡಿಸಿದರೆ ಅದಕ್ಕೆ ತನ್ನದೇ ಆದ ಉಪಯೋಗವಿದೆ: ಗೇರು ಬದಲಿಸುವಾಗ ಇಂಜಿನಿನ ಹೊಯ್ದಾಟವು ಬೇಗ ಅಡಗಿ, ಗಾಡಿಯು ಕಾಲಿನ ಮಾತನ್ನು ತಡವಿಲ್ಲದೆ ಕೇಳುವದು. ಕಾಯಿದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವೆನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. ಇಂಜಿನಿನ ಸಂಖ್ಯೆ, ಸಾಮರ್ಥ್ಯ, ಮೈಯ ಆಕಾರ ಇವಾವವನ್ನೂ ಕಂಪಶಾಮಕವು ಬದಲಿಸುವದಿಲ್ಲ. ಆದರೆ ಹೊಸ ಗಾಡಿಯಾಗಿದ್ದರೆ ಕೂಡಿಸುವ ಮೊದಲು ಗ್ಯಾರಂಟಿಯ ಕಾಗದವನ್ನೂ ವಿಮೆಯ ಕಾಗದವನ್ನೂ ಓದಿ ನೋಡುವದು ಲೇಸು.

ಕೂಡಿಸುವ ಕೆಲಸವು ಒಂದು ತಾಸಿನದೆಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿತ್ತು. ನಮಗೆ ಇಡೀ ಮಧ್ಯಾಹ್ನ ಹಿಡಿಯಿತು. ಇಂಜಿನು ತಣ್ಣಗಾಗಿರಬೇಕು. ಇಂಜಿನಿನ ಕಡೆಯ ಬ್ರಾಕೆಟ್ಟು ಮೇಲಿನ ಮೌಂಟಿಂಗಿನ ಬೋಲ್ಟಿನ ಕೆಳಗೆ ಸೇರುವಂಥದು. ಆ ಬೋಲ್ಟನ್ನು ಬಿಚ್ಚಿದರೆ ಇಂಜಿನಿನ ಆಸರೆಯೇ ಹೋಗುವದಾದುದರಿಂದ, ಕೆಳಗೆ ದಪ್ಪನ್ನ ಹಲಗೆಯನ್ನಿಟ್ಟು ಅದರ ಮೇಲಿಂದ ಜಾಕು ಕೊಟ್ಟು ಭಾರವನ್ನು ಮೊದಲು ಹೊರಿಸಿಕೊಂಡರು. ಹಲಗೆಯಿಲ್ಲದೆ ಜಾಕನ್ನು ಎಣ್ಣೆಯ ತೊಟ್ಟಿಗೆ ತಾಗಿಸಿದರೆ ತೊಟ್ಟಿಯೇ ತಗ್ಗಾಗುವದು. ಇನ್ನೊಂದು ತುದಿಯು ಗಾಡಿಯ ಮೈಗೆ. ಆರು ಚೀಲ ಸಕ್ಕರೆಯ ಲೆಕ್ಕವನ್ನು ಇಲ್ಲಿ ನೆನೆಯಬೇಕು: ತೆಳುವಾದ ತಗಡಿಗೆ ತೂತು ಕೊರೆದು ಕೂಡಿಸಿದರೆ ಕೆಲ ದಿನಗಳಲ್ಲಿ ತಗಡು ಸೀಳುವದು. ಕಾರ್ಖಾನೆಯವರೇ ದಪ್ಪ ಉಕ್ಕಿನಲ್ಲಿ ಇಟ್ಟ ಬೋಲ್ಟುಗಳಿಗೇ ಅದನ್ನು ಹಿಡಿಸಬೇಕು. ಡೈನಮೋ, ಬ್ಯಾಟರಿ, ಬ್ರೇಕಿನ ಎಣ್ಣೆಯ ಪೆಟ್ಟಿಗೆ ಇವುಗಳ ಬ್ರಾಕೆಟ್ಟುಗಳಿಗೆ ಕಟ್ಟಿಹಾಕುವದು ಮೂರ್ಖತನ.

ಎರಡೂ ತುದಿಗಳನ್ನು ಕೂಡಿಸಿ ನೋಡಿದರೆ, ದಂಡವು ಹೆಚ್ಚುಕಡಿಮೆ ಪೂರ್ತಿ ಒಳಗೆ ಹೋಗಿತ್ತು. ಬೋಲ್ಟುಗಳು ಮಾತ್ರ ಚೆನ್ನಾಗಿಯೇ ಕೂಡಿದ್ದವು. ಹುಡುಗನು ಪಾನಾ ಹಿಡಿದು ಬಿಗಿಯಲು ಹೊರಟಿದ್ದನು. ಮಿಸ್ತ್ರಿಯವರು ಅವನ ಕೈಹಿಡಿದು, "ಅದಕ್ಕ ಉಸರಾಡಾಕ ಜಾಗಾ ಎಲ್ಲೈತಿ?" ಎಂದು ಕೇಳಿದರು. ಇಂಜಿನು ಸುಮ್ಮನಿರುವಾಗ ದಂಡವು ತನ್ನ ಓಟದ ನಟ್ಟನಡುವೆ ನಿಲ್ಲಬೇಕು. ಆಗ ಮಾತ್ರ ಇಂಜಿನು ಎರಡೂ ಕಡೆಗೆ ಸರಿಯಲು ಎಡೆಯಿರುವದು. ತುದಿಗೆ ತಾಗಿ ನಿಂತರೆ ಅದು ಕಂಪಶಾಮಕವಾಗಿ ಉಳಿಯದೆ ಬರಿಯ ಉಕ್ಕಿನ ಗೂಟವಾಗಿ, ಹೊಡೆತವನ್ನೆಲ್ಲ ಬ್ರಾಕೆಟ್ಟಿಗೆ ದಾಟಿಸುವದು. ಮಿಸ್ತ್ರಿಯವರು ಲೇತಿನ ಮೇಲೆ ಹೆಬ್ಬೆರಳು ದಪ್ಪದ ಒಂದು ಉಕ್ಕಿನ ಬಿಲ್ಲೆಯನ್ನು ಕಡೆದು, ಬ್ರಾಕೆಟ್ಟಿಗೂ ಕೀಲಿಗೂ ನಡುವೆ ಕೊಟ್ಟು, ಅದಕ್ಕೆ ತಕ್ಕಂತೆ ಉದ್ದವಾದ ಬೋಲ್ಟನ್ನು ಹಾಕಿದ ಮೇಲೆ ದಂಡವು ನಡುವಿಗೆ ಬಂತು. ಬಳಿಕ ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಎಲ್ಲಿಯಾದರೂ ತಾಗುವದೋ ಎಂದು ನೋಡಿದರು. ವಾಯರು, ನಳಿಕೆ, ಬ್ರೇಕಿನ ಕೊಳವೆ ಎಲ್ಲಕ್ಕೂ ಬೆರಳಾಡುವಷ್ಟು ಎಡೆಯಿದೆಯೋ ಎಂದು ನೋಡಿದರು. ಆಮೇಲೆಯೇ ಬಿಗಿದುದು.

ಗಾಡಿಯನ್ನು ಹುಡುಗನು ಗೋಕಾಕದ ತನಕ ಓಡಿಸಿ ತಂದನು, ಪಕ್ಕದಲ್ಲಿ ನಾನು. ಗೇರು ಬದಲಿಸುವದು ಬೆಣ್ಣೆಯಲ್ಲಿ ಚಾಕುವಿನಂತಿತ್ತೆಂದು ಒಪ್ಪಲೇಬೇಕು. ಅವನ ಮುಖವು ಹಬ್ಬದ ದಿನದಂತೆ ಅರಳಿತ್ತು. ಆದರೆ ಘಟಪ್ರಭಾದ ದಾರಿಯ ರೇಲ್ವೆ ಗೇಟಿನ ಮುಂದೆ ಒಂದು ದಿನ ಅಕ್ಕನನ್ನು ಕೂಡಿಸಿಕೊಂಡು ನಿಂತಾಗ, ಅವಳು ಎದುರಿನ ಕನ್ನಡಿಯತ್ತ ಬೆರಳು ಮಾಡಿ, "ಧಡ್ ಅನ್ನೂದು ಹ್ವಾತು ಖರೆ, ಈಗ ಜುಮ್ ಅಂತೈತಲ್ಲೋ. ಕನ್ನಡ್ಯಾಗ ನನಗ ಮೂರು ಮಾರಿ ಕಾಣಾಕ ಹತ್ಯಾವು," ಎಂದಳಂತೆ.

ಅಕ್ಕನು ಯಂತ್ರಶಾಸ್ತ್ರ ಓದಿದವಳಲ್ಲ. ಆದರೆ ಅವಳು ಹೇಳಿದುದು ಶಾಸ್ತ್ರಸಮ್ಮತವಾದುದು. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಹುಡುಗಿಯ ಕೈಯಿಂದಲೂ ಅದು ಮಾವಿನ ಕೊಂಬೆಯನ್ನು ಮುಟ್ಟುವದು. ಅದೇ ಜೋಕಾಲಿಗೆ ಲಯ ಬಿಟ್ಟು ಪಟಪಟನೆ ಬೆರಳಿನಿಂದ ತಟ್ಟುತ್ತಿದ್ದರೆ ಅದು ಅಲುಗುವದೇ ಇಲ್ಲ. ಹಗ್ಗ ಕಟ್ಟಿದ ಕೊಂಬೆಗೂ ಆ ತಟ್ಟು ತಿಳಿಯುವದಿಲ್ಲ. ರಬ್ಬರಿನ ಮೇಲೆ ನಿಂತ ಇಂಜಿನಿನ ಸ್ವಂತ ಲಯವು ಸುಮಾರಾಗಿ ಸೆಕೆಂದಿಗೆ 10 ತೂಗಾಟ. ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತ ನಿಂತಿರುವಾಗ ಸುತ್ತಿಗೆರಡರಂತೆ ಸೆಕೆಂದಿಗೆ ಸುಮಾರು 27 ಸ್ಫೋಟಗಳು. ತಟ್ಟು ಲಯಕ್ಕಿಂತ ಬಹಳ ಬೇಗನೆ ಬರುವದರಿಂದ ರಬ್ಬರು ಅದನ್ನು ತನ್ನಲ್ಲಿಯೇ ನುಂಗುವದು. ಈಗ ಆ ಜೋಕಾಲಿಗೂ ಗೋಡೆಗೂ ನಡುವೆ ಒಂದು ಬಿಗಿಯಾದ ಕೋಲನ್ನು ಕಟ್ಟಿರಿ: ಜೋಕಾಲಿಯ ಓಲಾಟ ನಿಲ್ಲುವದು ನಿಜ, ಆದರೆ ಪ್ರತಿಯೊಂದು ತಟ್ಟೂ ಗೋಡೆಗೆ ಕೇಳಿಸುವದು. ತಟ್ಟಿನ ವೇಗವು ಸ್ವಂತ ಲಯದ 1.4 ಪಟ್ಟಿನ ಒಳಗಿದ್ದಾಗ ಕಂಪಶಾಮಕವು ಉಪಕಾರಿ. ಅದನ್ನು ದಾಟಿದ ಮೇಲೆ ಅದೇ ಕಂಪವಾಹಕ. ಇದು ಯಾವ ತಯಾರಕನ ದೋಷವೂ ಅಲ್ಲ, ಪ್ರಕೃತಿಯ ಲೆಕ್ಕ.

ಲಯದ ಮಾತು ಬಂತೆಂದು ಇನ್ನೊಂದನ್ನು ಹೇಳದಿರಲಾರೆನು. ನಾವು ಚಿಕ್ಕವರಿದ್ದಾಗ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ಐದಾರು ಹುಡುಗರು ಕೂಡಿ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದು, ಹಲಗೆಗಳು ಅಲೆಯೇಳುವದನ್ನು ನೋಡಿ ಕೇಕೆ ಹಾಕುತ್ತಿದ್ದೆವು. ಹಿರಿಯರು ಬೈದು ಕಿವಿ ಹಿಂಡುತ್ತಿದ್ದರು. 2000ನೆಯ ಇಸವಿಯ ಜೂನಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ಮೇಲೆ ಹೊಸದಾಗಿ ತೆರೆದ ಮಿಲೇನಿಯಂ ಸೇತುವೆಗೂ ಇಂಥದೇ ಗತಿಯಾಯಿತು; ಅಲ್ಲಿ ತುಂಟ ಹುಡುಗರಿರಲಿಲ್ಲ. ಸೇತುವೆಯು ತುಸು ಓಲಾಡಿದೊಡನೆ ಜನರು ಬೀಳದಿರಲೆಂದು ತಮಗರಿವಿಲ್ಲದೆಯೇ ಅದರ ಲಯಕ್ಕೆ ಕಾಲಿಟ್ಟರು, ಓಲಾಟವು ಇಮ್ಮಡಿಯಾಯಿತು. ಎರಡೇ ದಿನಗಳಲ್ಲಿ ಅದನ್ನು ಮುಚ್ಚಿ, ಎಣ್ಣೆಯಂಥ ದ್ರವ ತುಂಬಿದ 37 ಕಂಪಶಾಮಕಗಳನ್ನೂ, ಲಯಕ್ಕೆ ಹೊಂದಿಸಿದ ತೂಕಗಳುಳ್ಳ ಇನ್ನೂ 50ಕ್ಕಿಂತ ಹೆಚ್ಚಿನವುಗಳನ್ನೂ ಕೂಡಿಸಿ, 2002ರಲ್ಲಿ ಮರಳಿ ತೆರೆದರು. ಅಲ್ಲಿಯ ಕಂಬಗಳೂ ಹಗ್ಗಗಳೂ ಗಟ್ಟಿಯಾಗಿಯೇ ಇದ್ದವು. ಭಾರ ಹೊರುವ ಅಂಗವು ನೆಟ್ಟಗಿದ್ದಲ್ಲಿ ಓಲಾಟವನ್ನಷ್ಟೇ ಕೊಲ್ಲಲು ಕಂಪಶಾಮಕವನ್ನು ಕರೆದರು; ಅದು ಬಂದು ತನ್ನ ಕೆಲಸವನ್ನು ಮಾಡಿತು.

ಮುಂದಿನ ಸಲ ಊರಿಗೆ ಬಂದಾಗ ಹುಡುಗನು ತಿರುಪನ್ನು ಎಲ್ಲಕ್ಕೂ ಸಡಿಲಾದ ಗುರುತಿಗೆ ತಿರುಗಿಸಿದನು. ಜುಮ್ಮೆನ್ನುವದು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಕನ್ನಡಿಯಲ್ಲಿ ಅಕ್ಕನಿಗೆ ಈಗ ಒಂದೂವರೆ ಮಾರಿ ಕಾಣುವದಂತೆ. ಅವಳನ್ನು ಬೆಳಗಾವಿಗೆ ಕರೆದೊಯ್ಯುವ ದಿನ ಒಂದು ತುದಿಯ ಬೋಲ್ಟನ್ನು ಬಿಚ್ಚಿ, ದಂಡವನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡುವದು, ತಾನೊಬ್ಬನೇ ಪುಣೆಗೆ ಹೋಗುವ ದಿನ ಮತ್ತೆ ಕೂಡಿಸುವದು ಎಂದು ತಾಯಿ-ಮಕ್ಕಳಲ್ಲಿ ಒಪ್ಪಂದವಾಗಿದೆ. ಆ ಬೋಲ್ಟಿಗೆ ಮೌಂಟಿಂಗಿನ ಭಾರವಿಲ್ಲದ್ದರಿಂದ ಇದಕ್ಕೆ ಅಡ್ಡಿಯಿಲ್ಲ.

ಕೂಡಿಸಿ 200 ಕಿಲೋಮೀಟರು ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಒಮ್ಮೆ ಪಾನಾ ಹಾಕಿ ನೋಡೆಂದು ಮಿಸ್ತ್ರಿಯವರು ಹೇಳಿ ಕಳುಹಿಸಿದ್ದರು. ಅವನು ಪುಣೆಯಿಂದ ಬರುವಾಗ ಸಂಕೇಶ್ವರದಲ್ಲಿ ಹೆದ್ದಾರಿಯನ್ನು ಬಿಟ್ಟು ಮರದ ನೆರಳಿಗೆ ಗಾಡಿ ನಿಲ್ಲಿಸಿ, ಇಂಜಿನು ತಣ್ಣಗಾಗುವ ತನಕ ಚಹಾ ಕುಡಿದು, ಒಂದೊಂದಾಗಿ ನೋಡಿದನಂತೆ. ಮೂರು ಭದ್ರವಾಗಿದ್ದವು, ಇಂಜಿನಿನ ಕಡೆಯ ಒಂದು ಕಾಲುಸುತ್ತು ತಿರುಗಿತು. ಮೊದಲು ನಳಿಕೆಯನ್ನು ಬೆರಳಿನಿಂದ ಸವರಿ ನೋಡಿ, ಆಮೇಲೆ ಅದನ್ನು ಬಿಗಿದು, ನನಗೆ ಫೋನು ಮಾಡಿದನು.